ಬದಲಿ ಊರು

ನವ್ಯಶ್ರೀಗೆ ಬೆಳಗಿನ ಬಸ್ ಇರಲಿಲ್ಲ. ಉಯ್ಯಂಬಳ್ಳಿಯಿಂದ ಒಳಗೆ, ಕಾಡಂಚಿನಲ್ಲಿದ್ದ ಅವರ ಊರಿಗೆ ಮೊದಲ ಬಸ್ ಬರುತ್ತಿದ್ದದ್ದೇ ಒಂಬತ್ತಕ್ಕೆ. ಅದು ಕನಕಪುರ ಮುಟ್ಟುವಷ್ಟರಲ್ಲಿ ಕಾಲೇಜಿನಲ್ಲಿ ಮೊದಲ ಪೀರಿಯಡ್ ಮುಗಿದಿರುತ್ತಿತ್ತು. ಮೊದಲ ಪೀರಿಯಡ್ ದಿನವೂ ಕೆಮಿಸ್ಟ್ರಿ. ಪ್ರತಿ ವಿಷಯದಲ್ಲೂ ಹಾಜರಿ ಮುಕ್ಕಾಲು ಪಾಲು ಇರದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಲೆಕ್ಚರರ್ ದಸರಾ ರಜೆಗೆ ಮುಂಚೆಯೇ ಹೇಳಿಬಿಟ್ಟಿದ್ದರು.

ಸರ್ವೆಯವರು ಬರುತ್ತಾರೆ ಎಂದು ತಿಳಿಸಿದವರೂ ಅವರೇ. ಬೆಂಗಳೂರಿನ ಒಂದು ಅಧ್ಯಯನ ಸಂಸ್ಥೆ ತಾಲ್ಲೂಕಿನ ಕೆಲವು ಊರುಗಳನ್ನು ಚೀಟಿ ಎತ್ತಿ ಆರಿಸಿತ್ತು. ಕಾಲೇಜಿಗೆ ಹೋಗುವ ಮಕ್ಕಳು ಎಷ್ಟು, ಹೇಗೆ ಹೋಗುತ್ತಾರೆ, ಎಷ್ಟು ಹೊತ್ತಿಗೆ ತಲುಪುತ್ತಾರೆ ಎಂದು ಮನೆಮನೆಗೂ ಬಂದು ಕೇಳುತ್ತಾರೆ. ಹೊಸ ಬಸ್ಸನ್ನು ಯಾವ ಕಡೆ ಬಿಡಬೇಕೆಂಬುದು ಆ ವರದಿಯ ಮೇಲೆ ತೀರ್ಮಾನವಾಗುತ್ತದೆ. ಆರಿಸಿದ ಊರುಗಳಲ್ಲಿ ತಮ್ಮದೂ ಇದೆ ಎಂದು ಕೇಳಿ ನವ್ಯಶ್ರೀ ಬಸ್ಸೇ ಬಂದಷ್ಟು ಹಿಗ್ಗಿದಳು.

ಸರ್ವೆಗೆ ಬಂದವಳು ಚನ್ನಪಟ್ಟಣದ ಲತಾಮಣಿ. ಅವಳು ಬಂದ ದಿನ ಊರಿನ ರೇಷ್ಮೆ ಹುಳುಗಳೆಲ್ಲ ನಾಲ್ಕನೇ ಜ್ವರ ಎದ್ದು, ಅಂದರೆ ಕೊನೆಯ ಸಲ ಪೊರೆ ಕಳಚಿ, ಹಗಲೂ ರಾತ್ರಿ ಸೊಪ್ಪು ಮೇಯುತ್ತಿದ್ದವು. ಮರಿ ಹುಳು ಒಂದೇ ಕಡೆಯಿಂದ ತಂದಿದ್ದರಿಂದ ಎಲ್ಲರ ಮನೆಯದೂ ಒಟ್ಟಿಗೇ. ಗೂಡು ಕಟ್ಟುವ ಮುಂಚಿನ ಆ ವಾರ ಹೊರಗಿನವರನ್ನು ಯಾರೂ ಹೊಸ್ತಿಲು ದಾಟಿಸುವುದಿಲ್ಲ. ರೋಗ ತಗುಲಿದರೆ ಇಡೀ ಬೆಳೆ ತಿಪ್ಪೆಗೆ.

"ಅಲ್ಲೇ ನಿಂತ್ಕೋ ಕಣವ್ವ, ಹುಳ ಅವೆ," ಎಂದು ನವ್ಯಶ್ರೀಯ ತಾಯಿ ಕೆಂಚಮ್ಮ ಒಳಗಿಂದಲೇ ಕೂಗಿದಳು.

ಎದುರು ಮನೆಯ ದೊಡ್ಡಲಕ್ಷ್ಮಮ್ಮ ಕಿಟಕಿಯಲ್ಲಿ ಇಣುಕಿದಳು. "ಇನ್ಸೂರೆನ್ಸ್‌ನೋಳಾ? ನಮ್ಮನೇಲಿ ಯಾರೂ ಇಲ್ಲ."

"ನೀವಿದ್ದೀರಲ್ಲ ಅಜ್ಜಿ," ಎಂದಳು ಲತಾಮಣಿ.

"ನಾನೂ ಇಲ್ಲ ಅನ್ಕೋ."

ನವ್ಯಶ್ರೀ ಓಡಿ ಬಂದಳು. "ಅಕ್ಕ, ನನ್ನ ಕೇಳಿ. ನಾನೇ ಕಾಲೇಜಿಗೆ ಹೋಗೋಳು."

"ವಯಸ್ಸೆಷ್ಟು?"

"ಹದಿನೇಳು."

"ಹದಿನೆಂಟು ತುಂಬದೋರನ್ನ ಕೇಳ್ಬೇಕಾದ್ರೆ ಅಪ್ಪನೋ ಅಮ್ಮನೋ ಒಪ್ಪಿ, ಇದರ ಮೇಲೆ ಬೆರಳಲ್ಲಿ ಸೈನ್ ಮಾಡ್ಬೇಕು." ಲತಾಮಣಿ ಟ್ಯಾಬ್ ಮುಂದೆ ಹಿಡಿದಳು.

"ಅಮ್ಮ, ಒಸಿ ಬಾರಮ್ಮ!"

"ಎಲ್ಲೆಲ್ಲಿ ಯಾರ್ಯಾರು ಮುಟ್ಟವ್ರೋ ಅದನ್ನ! ಅದೇ ಕೈಲಿ ನಾನು ಹುಳಕ್ಕೆ ಸೊಪ್ಪು ಹಾಕ್ಲಾ?"

"ಕೈ ತೊಳ್ಕಂಡ್ರೆ ಆಯ್ತದೆ ಬಾರಮ್ಮ."

"ಸಪ್ಪೆ ರೋಗ ಬಿದ್ರೆ ನಿನ್ ಕಾಲೇಜ್ನೋರು ಬಂದು ತೊಳ್ದು ಕೊಟ್ಟಾರಾ? ನೀನೂ ಆಚೆಗೆ ಹೋಗ್ಬುಟ್ಟೆ, ಮಿಂದು ಒಳಕ್ಕೆ ಬಾ." ಆಮೇಲೆ ದನಿ ಇಳಿಸಿ ಲತಾಮಣಿಗೆ ಹೇಳಿದಳು: "ಹುಳ ಹಣ್ಣಾಗ್ಲಿ ತಾಯಿ. ಗೂಡು ಬಿಡಿಸಿದ್ ಮ್ಯಾಲೆ ಬಾ. ಮುದ್ದೆ ಉಂಡ್ಕಂಡು ಎಷ್ಟು ಬೇಕಾದ್ರೂ ಕೇಳು."

ಒಂದು ಊರಿಗೆ ಕೊಟ್ಟಿದ್ದದ್ದು ಮೂರೇ ದಿನ. ಲತಾಮಣಿ ಮಾರನೆಯ ದಿನವೂ ಬಂದಳು, ಅದರ ಮಾರನೆಯ ದಿನವೂ ಬಂದಳು. ನವ್ಯಶ್ರೀಯ ತಂದೆ ಪುಟ್ಟಸ್ವಾಮಿಯದೂ ಸೊಪ್ಪು ಮುಟ್ಟುವ ಕೈ, ಅವನೂ ಒಪ್ಪಲಿಲ್ಲ. ಬೇರೆ ಮನೆಗಳಲ್ಲೂ ಅದೇ ಉತ್ತರ. ಕೊನೆಗೆ ಅವಳು ಅರಳಿಕಟ್ಟೆಯ ಮೇಲೆ ಕೂತು ಮೇಲಿನವರಿಗೆ ಫೋನ್ ಮಾಡಿದಳು. ನವ್ಯಶ್ರೀ ಪಕ್ಕದಲ್ಲೇ ನಿಂತಿದ್ದಳು. ಟ್ಯಾಬಿನಲ್ಲಿ ಕಾರಣ ಒತ್ತಬೇಕಿತ್ತು: ಮನೆಗೆ ಬೀಗ, ಊರು ಬಿಟ್ಟಿದ್ದಾರೆ, ನಿರಾಕರಿಸಿದರು.

"ಹುಳ ಅಂತ ಇಲ್ವಾ ಅಕ್ಕ?"

"ಇಲ್ಲ ಕಣೇ." ಲತಾಮಣಿ ಮೂರನೆಯದನ್ನು ಒತ್ತಿದಳು. "ಬದಲಿ ಊರು ಕೊಟ್ಟವ್ರೆ. ಮೇನ್ ರೋಡಿನದು."

ಮೇನ್ ರೋಡಿನ ಆ ಊರಿನಲ್ಲಿ ಕೈ ಚಾಚಿದರೆ ಬಸ್ ನಿಲ್ಲುತ್ತಿತ್ತು.

ಬೆಳೆ ಚೆನ್ನಾಗಿ ಬಂತು. ಗೂಡು ರಾಮನಗರದ ಮಾರ್ಕೆಟ್ಟಿಗೆ ಹೋಯಿತು. ಕೆಂಚಮ್ಮ ಲತಾಮಣಿಯ ದಾರಿ ನೋಡಿದಳು. ಕರೆದ ಮೇಲೆ ಬಂದೇ ಬರುತ್ತಾಳೆಂದು ತಿಳಿದಿದ್ದಳು.

ಸಂಕ್ರಾಂತಿ ಕಳೆದ ಮೇಲೆ ಅಪ್ಪ ಮಗಳು ಅರ್ಜಿ ಹಿಡಿದು ಬಸ್ಸಿನ ಆಫೀಸಿಗೆ ಹೋದರು. ಅಲ್ಲಿನ ಅಧಿಕಾರಿ ಒರಟರಲ್ಲ. ಕೂರಿಸಿ, ವರದಿ ತೆರೆದು ಓದಿದರು. ಆ ಭಾಗದ ಮಕ್ಕಳಲ್ಲಿ ನೂರಕ್ಕೆ ತೊಂಬತ್ತು ಮಂದಿ ಹೊತ್ತಿಗೆ ಸರಿಯಾಗಿ ಕಾಲೇಜು ತಲುಪುತ್ತಾರೆ. ತಡವಾಗುವವರಿಗೆ ಓದಿನಲ್ಲಿ ಆಸಕ್ತಿ ಕಡಿಮೆ. ಅವರಿಗೆ ಪ್ರೇರಣಾ ಶಿಬಿರ ನಡೆಸಬೇಕು.

"ಇದ್ರಲ್ಲಿ ನಮ್ಮೂರೇ ಇಲ್ವಲ್ಲ ಸ್ವಾಮಿ," ಎಂದ ಪುಟ್ಟಸ್ವಾಮಿ.

"ನಿಮ್ಮೂರೋರು ಬಾಗಿಲೇ ತೆಗೀಲಿಲ್ಲವಂತಲ್ಲ ಯಜಮಾನ್ರೇ. ಬಸ್ಸು ಬೇರೆ ರೂಟಿಗೆ ಹೋಗಾಯ್ತು. ಈ ವರ್ಷ ಇನ್ನೇನೂ ಮಾಡಕ್ಕಾಗಲ್ಲ."

ಅಪ್ಪ ಮಗಳು ಊರಿಗೆ ಬಂದರು. ಸುದ್ದಿ ಕೇಳಿದ ಕೆಂಚಮ್ಮ, "ಬಾ ಅಂದಿದ್ನಲ್ಲ, ಬರ್ಬೇಕಾಗಿತ್ತು ಅವ್ಳು," ಎಂದು ರೇಗಿದಳು.

ಪ್ರೇರಣಾ ಶಿಬಿರವನ್ನು ಬೆಳಗ್ಗೆ ಒಂಬತ್ತಕ್ಕೆ ಇಟ್ಟಿದ್ದರು. ನವ್ಯಶ್ರೀ ಹೋಗುವಾಗ ಅರ್ಧ ಮುಗಿದಿತ್ತು.

ಫೆಬ್ರವರಿಯಲ್ಲಿ ಹಾಜರಿ ಕಡಿಮೆ ಇದ್ದವರ ಹೆಸರು ಹಾಕಿದರು. ಆ ಊರಿಂದ ಕಾಲೇಜು ಸೇರಿದ್ದವರು ಒಂಬತ್ತು ಮಂದಿ. ಪರೀಕ್ಷೆಗೆ ಕೂರಲಾಗದವರು ಆರು. ಜೂನ್‌ನಲ್ಲಿ ಅವರಲ್ಲೊಬ್ಬ ಹುಡುಗ ಕನಕಪುರದ ನೆಂಟರ ಮನೆಯಲ್ಲಿ ಉಳಿದುಕೊಂಡು ಮತ್ತೆ ಸೇರಿದ. ನವ್ಯಶ್ರೀಯೂ ಸೇರಿ ಓದು ಬಿಟ್ಟವರು ಐವರು.