ಉಳಿದ ಒಂದೂವರೆ ತಾಸು

ನಲವತ್ತು ವರ್ಷದಿಂದ ಕೊಟ್ಟೂರಿನ ಆ ಓಣಿ ಏಳುತ್ತಿದ್ದುದೇ ನಾಗಲಿಂಗಮ್ಮ ರೊಟ್ಟಿ ಬಡಿಯುವ ಸದ್ದಿಗೆ. ಐದು ಗಂಟೆಗೆ ಸರಿಯಾಗಿ ತಟ್ ತಟ್ ಎಂದು ಶುರುವಾಗುತ್ತಿತ್ತು. ಆ ಸೋಮವಾರ ಐದಾಯಿತು, ಐದೂವರೆಯಾಯಿತು, ಸದ್ದಿಲ್ಲ.

ಆರಕ್ಕೆ ಗೋಡೆಯಾಚೆಯ ಮುಮ್ತಾಜ್ ಬೇಗಂ ತಲೆಯ ಮೇಲೆ ಸೆರಗು ಹೊದ್ದು, ಒಂದು ಕೈಯಲ್ಲಿ ಚಹಾದ ಫ್ಲಾಸ್ಕು, ಇನ್ನೊಂದರಲ್ಲಿ ಉಪ್ಪಿಟ್ಟಿನ ಪಾತ್ರೆ ಹಿಡಿದು ಬಂದಳು. ರೊಟ್ಟಿಯ ಸದ್ದಿಲ್ಲವೆಂದರೆ ಒಲೆ ಹಚ್ಚಿಲ್ಲ; ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ನೆರೆಯವರೇ ಹೊಟ್ಟೆಗೆ ತರಬೇಕು. ಪಾತ್ರೆ ಕೆಳಗಿಟ್ಟವಳೇ ನಾಗಲಿಂಗಮ್ಮನನ್ನು ತಬ್ಬಿಕೊಂಡು ಅಳತೊಡಗಿದಳು. ನಾಗಲಿಂಗಮ್ಮನಿಗೆ ಏನೂ ತಿಳಿಯಲಿಲ್ಲ. ಪಾಪ, ಇವರ ಮನೆಯಲ್ಲೇ ಯಾರೋ ಹೋಗಿರಬೇಕು ಎಂದುಕೊಂಡು ಅವಳೂ ಅತ್ತಳು. ಎದುರಿಗಿದ್ದವರು ಅಳುವಾಗ ಸುಮ್ಮನೆ ನಿಲ್ಲುವುದು ಮರ್ಯಾದೆಯೇ? ಅಷ್ಟರಲ್ಲಿ, ಯಾರಿಗಾಗಿ ಮುಮ್ತಾಜ್ ಅಳುತ್ತಿದ್ದಳೋ ಆ ಶಿವಯೋಗಪ್ಪನೇ ಹಣೆತುಂಬ ವಿಭೂತಿ ಬಳಿದುಕೊಂಡು ದೇವರ ಕೋಣೆಯಿಂದ ಹೊರಬಂದು, ಯಾರು ತೀರಿಕೊಂಡದ್ದು ಎಂದು ಹೆಂಡತಿ ನಾಗಲಿಂಗಮ್ಮನನ್ನು ಕೇಳಿದ. ಮುಮ್ತಾಜ್ ಅವನನ್ನು ನೋಡಿ ಅಳು ನುಂಗಿಕೊಂಡಳು. ತಂದ ಉಪ್ಪಿಟ್ಟನ್ನು ಮೂವರೂ ಕೂತು ತಿಂದರು.

ಇದಕ್ಕೆಲ್ಲ ಕಾರಣ ಸೊಸೆ ಪುಷ್ಪಲತಾ. ಹಂಪಸಾಗರದ ಶಾಲೆಯಲ್ಲಿ ಟೀಚರು, ಏಳಕ್ಕೆಲ್ಲ ಬಸ್ಸು ಹಿಡಿಯಬೇಕು. ಬಿಡುವಿಲ್ಲದ ಮನೆಗಳಲ್ಲಿ ಅಡುಗೆಯ ಸಮಯ ಉಳಿಸುವುದು ಹೇಗೆಂದು ಮೊಬೈಲಿನಲ್ಲಿ ನೋಡಿದ್ದಳಂತೆ. ಭಾನುವಾರವಿಡೀ ಕೂತು ವಾರಕ್ಕಾಗುವಷ್ಟು ತರಕಾರಿ ಹೆಚ್ಚಿ, ಡಬ್ಬಿಗಳ ತಳಕ್ಕೆ ಒಣಬಟ್ಟೆ ಹಾಸಿ ತುಂಬಿದಳು. ಶುಂಠಿ ಬೆಳ್ಳುಳ್ಳಿ ಅರೆದು ಐಸಿನ ಟ್ರೇಯಲ್ಲಿ ಗಟ್ಟಿ ಮಾಡಿದಳು. ಹುಣಸೆರಸ ಬಾಟಲಿಗೆ ಹೋಯಿತು, ಬೇಳೆ ರಾತ್ರಿಯೇ ನೆನೆಯಿತು. ಇಷ್ಟಕ್ಕೆ ನಾಗಲಿಂಗಮ್ಮನ ತಕರಾರಿರಲಿಲ್ಲ. ಆದರೆ ಸಂಜೆ ಬಸ್‌ಸ್ಟ್ಯಾಂಡಿನ ಹಿಂದಿನ ರೊಟ್ಟಿ ಕೇಂದ್ರದಿಂದ ಒಂದು ಕಟ್ಟು ರೊಟ್ಟಿ ಮನೆಗೆ ಬಂತು.

"ದಿನಾ ತಂದುಕೊಡ್ತಾರ್ರೀ ಅತ್ತಿ. ಒಂದೂವರೆ ತಾಸು ಉಳೀತೈತಿ. ನೀವು ಆರರ ತನಕ ಮಲಗ್ರಿ" ಎಂದಳು ಪುಷ್ಪಲತಾ.

ಉಳಿದ ಆ ಒಂದೂವರೆ ತಾಸನ್ನು ಏನು ಮಾಡಬೇಕೆಂದು ಮಾತ್ರ ಯಾರೂ ಹೇಳಲಿಲ್ಲ. ಐದಕ್ಕೇ ಎಚ್ಚರವಾಗುತ್ತಿತ್ತು. ನಾಗಲಿಂಗಮ್ಮ ಆ ಮಗ್ಗುಲಿಗೆ ಹೊರಳಿದಳು, ಈ ಮಗ್ಗುಲಿಗೆ ಹೊರಳಿದಳು, ಎದ್ದು ಕೂತಳು, ಎದ್ದದ್ದು ಯಾಕೆಂದು ತಿಳಿಯದೆ ಮತ್ತೆ ಮಲಗಿದಳು. ಅಡುಗೆಮನೆಗೆ ಹೋದರೆ ಸಾಸಿವೆ ಇದ್ದಲ್ಲಿ ಜೀರಿಗೆ, ಜೀರಿಗೆ ಇದ್ದಲ್ಲಿ ಎಂಥದೋ ಪುಡಿ. ತನ್ನದೇ ಮನೆಯಲ್ಲಿ ನೆಂಟರಂತೆ ನಿಂತು ಉಪ್ಪು ಹುಡುಕಿದಳು. ಮಧ್ಯಾಹ್ನ ಮುಮ್ತಾಜಳ ಗಂಡ ಜಮಾಲ್ ಸಾಬ್ ಯಾವುದೋ ಕೆಲಸಕ್ಕೆ ಬಂದಾಗ ನಿಂಬೆ ಶರಬತ್ತು ಮಾಡಿ, ಫ್ರಿಜ್ಜಿನ ಮೇಲಿನ ಖಾನೆಯಿಂದ ಎರಡು ತುಂಡು ಐಸು ಹಾಕಿ ಕೊಟ್ಟಳು. ಆತ ಒಂದು ಗುಟುಕು ಕುಡಿದು ಕಣ್ಣರಳಿಸಿದ. ದೊಡ್ಡ ಮನುಷ್ಯ, ಮಾತಾಡದೆ ಅಷ್ಟನ್ನೂ ಕುಡಿದು ಹೋದ. ಲೋಟ ತೊಳೆಯುವಾಗ ಗಮ್ಮೆಂದು ಬೆಳ್ಳುಳ್ಳಿ ವಾಸನೆ ಬಂದಾಗಲೇ ಅವಳಿಗೆ ಗೊತ್ತಾದದ್ದು.

ನಗಬೇಕಾದ ಸಂಗತಿ. ಅವಳಿಗೆ ಅಳು ಬಂತು. ಕೈ ನಿಧಾನವಾಯಿತೆಂದು ಸೊಸೆ ತನ್ನನ್ನು ನಯವಾಗಿ ಮೂಲೆಗೆ ಕೂರಿಸಿದಳೇ? ಹಾಗಿದ್ದರೆ ಈ ಮನೆಗೆ ತಾನು ಯಾತಕ್ಕೆ ಬೇಕು? ಒಂಬತ್ತು ವರ್ಷದಲ್ಲಿ ಅತ್ತೆ ಸೊಸೆ ಒಂದು ದಿನವೂ ದನಿ ಏರಿಸಿದವರಲ್ಲ. ಹಾಗಾಗಿ ಬಾಯಿಬಿಟ್ಟು ಕೇಳುವುದು ಹೇಗೆಂಬುದೂ ಅವಳಿಗೆ ತಿಳಿಯಲಿಲ್ಲ.

ಗುರುವಾರ ಸಂಜೆ ಮುಮ್ತಾಜ್ ಮತ್ತೆ ಬಂದಳು, ಈ ಸಲ ಬರಿಗೈಯಲ್ಲಿ. ಮಗ ಇಶ್ತಿಯಾಕ ಹರಪನಹಳ್ಳಿಯ ಗ್ಯಾರೇಜಿನಲ್ಲಿ ಮೆಕ್ಯಾನಿಕ್ಕು. ಮೊದಲ ಬಸ್ಸು ಎರಡು ದಿನ ತಪ್ಪಿತ್ತು. ಮೊಬೈಲಿನ ಗಂಟೆಯನ್ನು ನಿದ್ದೆಗಣ್ಣಲ್ಲೇ ಆರಿಸಿಬಿಡುತ್ತಾನಂತೆ, ತೊಟ್ಟಿಲಿನಿಂದಲೂ ಅವನು ಎದ್ದು ರೂಢಿಯಾಗಿರುವುದು ನಾಗಲಿಂಗಮ್ಮನ ರೊಟ್ಟಿಗೆ.

ನಾಗಲಿಂಗಮ್ಮ ಒಳಗೊಳಗೇ ಹಿಗ್ಗಿದಳು. ತನ್ನ ಮನೆಗೆ ಬೇಡವಾದರೇನು, ನೆರೆಮನೆಗೆ ಬೇಕಲ್ಲ! ನಾಳೆಯಿಂದ ಬಡಿಯುತ್ತೇನೆಂದು ಅಲ್ಲೇ ಮಾತು ಕೊಟ್ಟಳು. ಪುಷ್ಪಲತಾ ತಡೆದಳು. ಈಗಲೇ ನಾಲ್ಕು ರೊಟ್ಟಿ ಬಡಿದರೆ ಸಾಕು, ಸದ್ದನ್ನು ಮೊಬೈಲಿನಲ್ಲಿ ಹಿಡಿದು ಇಶ್ತಿಯಾಕನಿಗೆ ಕಳಿಸುತ್ತೇನೆ, ಅವನು ಅದನ್ನೇ ಅಲಾರಂ ಇಟ್ಟುಕೊಳ್ಳಲಿ ಎಂದಳು. ಹುರುಪಿನಲ್ಲಿ ನಾಗಲಿಂಗಮ್ಮ ಆರು ಬಡಿದಳು. ಬಡಿದು ಕೈ ತೊಳೆಯುವಾಗ ಅವಳಿಗೆ ಹೊಳೆಯಿತು. ತರಕಾರಿಯಾಯಿತು, ಬೆಳ್ಳುಳ್ಳಿಯಾಯಿತು, ಈಗ ತನ್ನ ಸದ್ದನ್ನೂ ಸೊಸೆ ಡಬ್ಬಿಗೆ ತುಂಬಿದಳಲ್ಲ. ಇನ್ನು ಅದಕ್ಕೂ ತಾನು ಬೇಕಿಲ್ಲ. ಅವತ್ತು ಉಣ್ಣದೆ ಮಲಗಿದಳು.

ಬೆಳಿಗ್ಗೆ ಐದಕ್ಕೆ ಗೋಡೆಯಾಚೆ ತಟ್ ತಟ್ ಎಂದಿತು.

ಅವಳು ದಿಗ್ಗನೆ ಎದ್ದು ಕೂತಳು. ಕೈ ನೋಡಿಕೊಂಡಳು, ಎರಡೂ ಮಡಿಲಲ್ಲಿ ಸುಮ್ಮನಿದ್ದವು. ಗೋಡೆಗೆ ಕಿವಿಯಿಟ್ಟಳು. ಬಡಿತದ ನಡುವೆ ಯಾರೋ ನರಳಿದರು. "ಹ್ಮ್... ಯವ್ವಾ." ಮುಮ್ತಾಜಳಿಗೆ ಹುಷಾರಿಲ್ಲವೇ? ಎರಡನೆಯ ರೊಟ್ಟಿಗೂ ಅದೇ ನರಳಿಕೆ. ಮೂರನೆಯದಕ್ಕೆ ದನಿಯ ಗುರುತು ಹತ್ತಿತು. ಅದು ಅವಳದೇ ದನಿ.

ತಾನು ನರಳುತ್ತೇನೆಂದು ಅವಳಿಗೇ ಗೊತ್ತಿರಲಿಲ್ಲ. ಭುಜ ನೋಯುತ್ತದೆಯೇ ಎಂದು ಸೊಸೆ ಕೇಳಿದಾಗಲೆಲ್ಲ ಇಲ್ಲವೆಂದೇ ಮುಖ ತಿರುಗಿಸಿದ್ದಳು, ಅದು ಸುಳ್ಳೆಂದೂ ಅನಿಸಿರಲಿಲ್ಲ.

ದೀಪ ಹತ್ತಿತು. ಅದೇ ಸದ್ದಿಗೆ ಎದ್ದ ಪುಷ್ಪಲತಾ ಬಾಗಿಲಲ್ಲಿ ನಿಂತಿದ್ದಳು.

"ಪುಷ್ಪಾ, ದಿನಾ ಹಿಂಗ ನರಳ್ತಿದ್ನೇನ ನಾನು?"

"ಎರಡು ವರ್ಷ ಆತ್ರಿ ಅತ್ತಿ. ನಮ್ಮ ಕೋಣಿಗೆ ಎಲ್ಲಾ ಕೇಳ್ತಿತ್ತು. ಬಡೀಬ್ಯಾಡ್ರಿ ಅಂದ್ರ ನೀವು ಬಿಡ್ತಿದ್ದಿಲ್ಲ. ಅದಕ್ಕ ಟೈಮ್ ಉಳೀತೈತಿ ಅಂತ ಹೇಳಿದೆ."

ನಾಗಲಿಂಗಮ್ಮ ಭುಜದ ಮೇಲೆ ಕೈಯಿಟ್ಟುಕೊಂಡಳು. ಇಶ್ತಿಯಾಕ ಇನ್ನೂ ಅಲಾರಂ ಆರಿಸಿರಲಿಲ್ಲ. ಆಚೆ ಆ ಹೆಂಗಸು ಮತ್ತೊಂದು ರೊಟ್ಟಿಗೆ ಕೈ ಹಾಕಿದಳು, ಮತ್ತೊಮ್ಮೆ ನರಳಿದಳು.

"ಸಾಕ್ ಮಾಡವ್ವಾ" ಎಂದಳು ನಾಗಲಿಂಗಮ್ಮ ಗೋಡೆಗೆ, "ಎಷ್ಟಂತ ಬಡೀತಿ."