ಹುಲ್ಲುಹಾಸಿನ ಮೇಲೆ ಸುಣ್ಣದ ಗುರುತು

ಊಟದ ಮನೆಯ ಮುಂದಿನ ಹುಲ್ಲುಹಾಸನ್ನು ಉಳಿಸಿಕೊಳ್ಳಲು ಎಲ್ಲರೂ ಕೂಡಿ ದುಡಿದು ಕೂಡಿ ಉಣ್ಣುವ ನಮ್ಮ ಹಳ್ಳಿ, ಕಿಬ್ಬುತ್ಸ್‌ನ ಸಭೆ ಒಂದೇ ಅವಕಾಶ ಕೊಟ್ಟಿತ್ತು. ಮೇಲಿಂದ ಚಿಮ್ಮಿಸಿದ ನೀರು ಅರ್ಧಕ್ಕರ್ಧ ನೆಗೆವ್ ಮರುಭೂಮಿಯ ಗಾಳಿಯ ಪಾಲು. ಕೊಳವೆಗಳನ್ನು ನೆಲದೊಳಗೆ ಹೂಳಿ ಬೇರಿಗೇ ಹನಿಸಬೇಕು. ಆಗದಿದ್ದರೆ ಹುಲ್ಲು ಕಿತ್ತು ಜಲ್ಲಿ ಹಾಕುವುದು.

ಕೆಲಸ ಶುರು ಮಾಡಿದವನು ನನ್ನ ಗಂಡ ನಿಮ್ರೋದ್. ಅರ್ಧ ಮುಗಿಸಿದ್ದ. ಚಳಿಗಾಲದಲ್ಲಿ ಬೇರ್‌ಶೇವಾ ರಸ್ತೆಯಲ್ಲಿ ಲಾರಿಗೆ ಸಿಕ್ಕಿ ಸತ್ತ.

ಉಳಿದರ್ಧ ನಾನು ಮುಗಿಸಿದೆ. ಹುಲ್ಲನ್ನು ಸೀಳಿ, ಗೇಣಾಳಕ್ಕೆ ಕೊಳವೆ ಇಳಿಸಿ, ಮುಚ್ಚಿ ತುಳಿದೆ. ಮೇಲೆ ಏನೂ ಕಾಣುತ್ತಿರಲಿಲ್ಲ. ಅದಕ್ಕೇ ಸುಕ್ಕೋತ್ ಹಬ್ಬದ ಚಪ್ಪರ ಏಳುವ ಜಾಗದಲ್ಲಿ, ಕೊಳವೆಗಳ ನೇರಕ್ಕೆ, ಸುಣ್ಣದ ಚುಕ್ಕೆಗಳನ್ನಿಟ್ಟೆ. ಇಲ್ಲಿ ಗೂಟ ಬೇಡ ಎಂದು.

ಬೆಳಿಗ್ಗೆ ಸುತ್ತಿಗೆಯ ಸದ್ದು ಕೇಳಿ ಓಡಿದೆ. ಪ್ರತಿವರ್ಷ ಚಪ್ಪರ ಹಾಕುವ ಮುದುಕ ಎಲ್ಯಾಕಿಮ್, ತನ್ನಪ್ಪನ ಕಾಲದ ಕಬ್ಬಿಣದ ಗೂಟಗಳನ್ನು ಹೊಡೆಯುತ್ತಿದ್ದ. ಪ್ರತಿ ಚುಕ್ಕೆಗೂ ಒಂದು. ಸರಿಯಾಗಿ ನಡುವಿಗೆ.

"ನಿಲ್ಲಿಸಿ!"

"ಬಂದೆಯಾ ಹಗಿತ್? ನಿನ್ನ ಗುರುತು ನಿನ್ನ ಗಂಡನದಕ್ಕಿಂತ ನೇರ ಇದೆ ಕಣೇ. ಆದ್ರೆ ಇಷ್ಟೊಂದು ಗೂಟ ಯಾಕೆ? ಚಪ್ಪರಕ್ಕೇನು ರೆಕ್ಕೆ ಬಂದಿದೆಯಾ?"

"ಅದು ಗೂಟದ ಗುರುತಲ್ಲ! ಕೆಳಗೆ ಕೊಳವೆ ಇದೆ!"

ಸುತ್ತಿಗೆ ಅವನ ಕೈಯಲ್ಲೇ ನಿಂತಿತು. "ಹಬ್ಬಕ್ಕೆ ಮುಂಚೆ ಹುಲ್ಲಿನ ಮೇಲೆ ಸುಣ್ಣ ಕಂಡ್ರೆ ಗೂಟ ಹೊಡಿ ಅಂತ ಅರ್ಥ. ನಿಮ್ರೋದ್ ಹುಡುಗನಾಗಿದ್ದಾಗಿಂದ ಹಾಗೇ ಹಾಕಿಕೊಡ್ತಿದ್ದ. ಈ ಸಲ ಅವನ ಬದಲು ನೀನು ಹಾಕಿದೀಯ ಅಂದ್ಕೊಂಡೆ. ಒಂದು ಮಾತು ಹೇಳಬಾರದಿತ್ತಾ?"

"ನೀವು ಕೇಳಬಾರದಿತ್ತಾ? ಯಾರು ನನ್ನ ಹತ್ರ ಮಾತಾಡ್ತೀರಿ ಇಲ್ಲಿ? ಅವನು ಹೋದಾಗಿಂದ ಬಾಗಿಲಲ್ಲಿ ಕೇಕ್ ಇಟ್ಟು ಕಳ್ಳರ ಹಾಗೆ ಓಡಿಹೋಗ್ತೀರಿ! ಬೇಡ ನನಗೆ ನಿಮ್ಮ ಕೇಕು!"

ಊಟದ ಮನೆಯ ಕಿಟಕಿಗಳಲ್ಲಿ ಮುಖಗಳು ಕಾಣಿಸಿದವು. ಕಾಣಲಿ ಎಂದುಕೊಂಡೆ.

"ಇನ್ನು ಜಲ್ಲಿನೇ ಗತಿ," ಎಂದ ಎಲ್ಯಾಕಿಮ್.

"ಜಲ್ಲಿ ಹಾಕೋಕೆ ಬಿಡಲ್ಲ. ಮಂಡಿ ಊರಿ."

"ನನ್ನ ಮಂಡಿ ನೋವು..."

"ಗೂಟ ಹೊಡೆಯುವಾಗ ಎಲ್ಲಿ ಹೋಗಿತ್ತು ನೋವು?"

ಅವನು ಮಂಡಿಯೂರಿದ. ಗೂಟ ಕಿತ್ತೆವು. ತೂತಾದ ಕಡೆಯೆಲ್ಲ ಮಣ್ಣು ತೆಗೆದು, ಕೊಳವೆ ಕತ್ತರಿಸಿ, ಜೋಡಣೆ ಹಾಕಿದೆವು. ಚಪ್ಪರದ ಹಗ್ಗಗಳನ್ನು ಮರಳಿನ ಚೀಲಗಳಿಗೆ ಬಿಗಿದೆವು. ಅವನು ಗೊಣಗಿದಾಗಲೆಲ್ಲ ನಾನು ಬೈದೆ. ಅವನೂ ಬೈದ.

ಮಧ್ಯಾಹ್ನ ನೀರು ಬಿಟ್ಟೆ. ಒಂದು ತೂತು ಕಣ್ತಪ್ಪಿತ್ತು; ಅಲ್ಲಿ ಹುಲ್ಲು ಕಪ್ಪಾಗಿ ನೆನೆಯಿತು. ನಿಮ್ರೋದ್ ಮುಗಿಸಿದ್ದ ಅರ್ಧದಲ್ಲಿ.

ಅಲ್ಲಿ ಅಗೆದೆ. ಅವನು ತುಳಿದ ಮಣ್ಣು ಇನ್ನೂ ಗಟ್ಟಿಯಾಗಿತ್ತು.

"ಇದು ಅವನು ಹಾಕಿದ್ದು," ಎಂದ ಎಲ್ಯಾಕಿಮ್, ಮೆಲ್ಲಗೆ.

"ಗೊತ್ತು. ಮೆಲ್ಲಗೆ ಮಾತಾಡ್ಬೇಡಿ. ಆ ಕಡೆ ಗಟ್ಟಿಯಾಗಿ ಹಿಡ್ಕೊಳ್ಳಿ."

ಕತ್ತರಿಸಿದೆ.

ಸಂಜೆ ಎಲ್ಲರೂ ಚಪ್ಪರದ ಕೆಳಗೆ ಉಂಡರು. ನಾನು ಬರಿಗಾಲಲ್ಲಿ ಹುಲ್ಲುಹಾಸಿನ ಉದ್ದಕ್ಕೂ ನಡೆದೆ. ಕೆಳಗೆ ನೀರು ಹನಿಯುತ್ತಿತ್ತು. ಮೇಲೆ ನನ್ನ ಕಾಲಿಗೆ ಒಂದು ಕಡೆಯೂ ಒದ್ದೆ ತಗಲಲಿಲ್ಲ.