ಲಾಂಡ್ರಿಯ ಮೌನವ್ರತ

ಅಲ್ಲಿ ಲಾಂಡ್ರಿಯವರೆಲ್ಲ ಉದ್ದಜಡೆ ಎಂದು ಕರೆಯುವ ಕೆಲಸದವಳು ಬಲಗೈ ಸುಟ್ಟುಕೊಂಡು ಆಸ್ಪತ್ರೆಯ ಮಂಚದ ಮೇಲೆ ನರಳುತ್ತಿದ್ದಾಳೆ, ಇಲ್ಲಿ ಭಾವ ಕಣ್ಣು ಮುಚ್ಚಿ ಉಸಿರು ಎಳೆದು ಬಿಡುತ್ತ ಕೂತಿದ್ದಾರೆ! ಕೆಲಸದವರೆಲ್ಲ ಅಕ್ಕ ಎನ್ನುವ ಸೂಪರ್‌ವೈಸರಿಗೆ ಮೈಯೆಲ್ಲ ಉರಿದುಹೋಯಿತು. ಈ ಭಾವ ಲಾಂಡ್ರಿಯ ಮಾಲೀಕರು, ಅವಳ ಸ್ವಂತ ಅಕ್ಕನ ಗಂಡ. ಬೇರೆ ಯಾರಾದರೂ ಆಗಿದ್ದರೆ ಆ ಧ್ಯಾನದ ಚಾಪೆಯನ್ನು ಎಳೆದು ಬಿಸಾಡಿಬಿಡುತ್ತಿದ್ದಳು.

ಆಸ್ಪತ್ರೆಗಳ ಹಾಸುಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಲಾಂಡ್ರಿ ಅದು. ಭಾವ ಕೆಟ್ಟವರೇನಲ್ಲ. ಯಾವುದೋ ಆಶ್ರಮದ ಶಿಬಿರಕ್ಕೆ ಹೋಗಿಬಂದ ಮೇಲೆ ಅವರ ತಲೆಗೆ ಒಂದು ಹುಳು ಹೊಕ್ಕಿತು, ಅಷ್ಟೆ. "ಕೆಲಸ ಅಂದ್ರೆ ಯಜ್ಞ. ಯಜ್ಞದಲ್ಲಿ ಹರಟೆ ಯಾಕೆ?" ಎಂದು ಬೆಳಗಿನ ಮೊದಲ ಗಂಟೆ ಇಡೀ ಲಾಂಡ್ರಿಗೆ ಮೌನವ್ರತ ಹಾಕಿದರು. ತಾವು ಕೆಲಸದ ಹಾಲ್‌ನ ತುದಿಯಲ್ಲಿ ಚಾಪೆ ಹಾಸಿ ಕೂತುಬಿಡುವರು. ಮಾತಾಡಿದವರು ಎಲ್ಲರೆದುರು ನಿಂತು ಕೈಮುಗಿದು ತಪ್ಪೊಪ್ಪಿಕೊಳ್ಳಬೇಕು. ತುಟಿಯ ಮೇಲೆ ಬೆರಳಿಟ್ಟುಕೊಂಡು ಸಾಲುಸಾಲು ಸುತ್ತಿ ಕಾವಲು ಕಾಯುವುದು ಅಕ್ಕನ ಪಾಲಿಗೆ ಬಂತು.

ಹೆಚ್ಚು ಸಲ ಕೈಮುಗಿದವಳು ಗಿಳಿ. ಬಟ್ಟೆ ಮಡಚುವ ಮೇಜಿನವಳು, ಬಾಯಿಗೆ ಬೀಗವಿಲ್ಲದ ಹೆಂಗಸು. ಅವಳ ದುಡಿಮೆಯಲ್ಲೇ ಹಾಸಿಗೆ ಹಿಡಿದ ಅತ್ತೆ, ಇಬ್ಬರು ಮಕ್ಕಳ ಹೊಟ್ಟೆ ತುಂಬಬೇಕು. ಒಮ್ಮೆ ಸೀನಿ "ಅಯ್ಯೋ ದೇವ್ರೇ" ಅಂದದ್ದಕ್ಕೂ ಪಾಪ ಕೈಮುಗಿದು ನಿಂತಿದ್ದಳು.

ಇಸ್ತ್ರಿಯ ಬಿಸಿ ರೋಲರಿಗೆ ಬಟ್ಟೆ ಕೊಡುವವರು ಒಂದು ಕಡೆ, ಹೊರಬಂದದ್ದನ್ನು ಮಡಚುವವರು ಇನ್ನೊಂದು ಕಡೆ. ನಿಲ್ಲಿಸುವ ಕೆಂಪು ಗುಂಡಿ ಇರುವುದು ಕೊಡುವ ಕಡೆ ಮಾತ್ರ. ಅದಕ್ಕೇ ಏನಾದರೂ ಹೆಚ್ಚುಕಮ್ಮಿ ಕಂಡರೆ ಮಡಚುವ ಕಡೆಯವರು "ನಿಲ್ಸೇ!" ಎಂದು ಗಂಟಲು ಹರಿಯುವಂತೆ ಕೂಗುವುದು ಮೊದಲಿನಿಂದ ನಡೆದುಬಂದದ್ದು. ಮೊನ್ನೆ ಮೌನದ ಗಂಟೆಯಲ್ಲಿ ಬಟ್ಟೆ ಸುಕ್ಕಾಯಿತೆಂದು ಉದ್ದಜಡೆ, ಕೈ ಒಳಹೋಗದಂತೆ ಇಟ್ಟ ಅಡ್ಡಪಟ್ಟಿಯ ಮೇಲಿಂದ ಕೈ ಚಾಚಿದಳು. ಗಿಳಿ ಎದುರಿಂದ ಅದನ್ನು ನೋಡಿದಳು, ಕೈ ಬೀಸಿದಳು, ಬಾಯಿ ತೆರೆದು ಮತ್ತೆ ಮುಚ್ಚಿಕೊಂಡಳು. ಅಷ್ಟರಲ್ಲಿ ಉದ್ದಜಡೆಯ ಕೈಗವಸು ರೋಲರಿಗೆ ಸಿಕ್ಕಿತ್ತು.

"ಆ ಗಿಳೀನ ಕೆಲಸದಿಂದ ತೆಗೆದುಹಾಕು," ಎಂದರು ಭಾವ ಕಣ್ಣು ಬಿಟ್ಟು. "ಕಣ್ಣಾರೆ ನೋಡಿಯೂ ಸುಮ್ನೆ ನಿಂತಿದ್ಳಂತೆ. ಅಂಥ ಕಲ್ಲುಮನಸ್ಸಿನವಳು ಬೇಡ."

"ಸುಮ್ನಿರಿ ಅಂದವರು ನೀವೇ ಅಲ್ವಾ ಭಾವ!"

"ಹರಟೆ ಬೇಡ ಅಂದೆ. ವಿವೇಕ ಬೇಡ ಅಂದ್ನಾ? ಉದ್ದಜಡೆ ಪ್ರಾರಬ್ಧ ಹಾಗಿತ್ತು. ನಾವೆಲ್ಲ ನಿಮಿತ್ತ ಮಾತ್ರ ಕಣಮ್ಮ, ಮಾಡೋನು ಮೇಲಿದ್ದಾನೆ."

"ಓಹೋ! ಹೊಸ ಆಸ್ಪತ್ರೆ ಬಟ್ಟೆ ಒಗೆಯೋ ಕೆಲಸ ಸಿಕ್ಕಾಗ ನನ್ನಿಂದ್ಲೇ ಆಯ್ತು ಅಂತ ಎದೆ ತಟ್ಕೊಂಡ್ರಲ್ಲ, ಆಗೆಲ್ಲಿ ಹೋಗಿದ್ದ ಆ ಮೇಲಿನೋನು? ತನ್ನ ಬಾಯಿ ಕಟ್ಟಿದ್ರೆ ತಪಸ್ಸು ಭಾವ, ಇನ್ನೊಬ್ಬರ ಬಾಯಿ ಕಟ್ಟಿದ್ರೆ ದಬ್ಬಾಳಿಕೆ!"

"ನಾಲಿಗೆ ಬಿಗಿ ಹಿಡಿ. ನಿನ್ನ ಕೈಲಾಗದಿದ್ರೆ ನಾಳೆ ಮೌನ ಮುಗೀತಿದ್ದಂಗೆ ನಾನೇ ಹೇಳ್ತೀನಿ."

ಮರುದಿನ ಬೆಳಿಗ್ಗೆ ಭಾವ ಚಾಪೆಯ ಮೇಲೆ ಕೂತು ಕಣ್ಣು ಮುಚ್ಚಿದರು. ಅಕ್ಕ ಸರಸರನೆ ಹೋಗಿ ಕೆಂಪು ಗುಂಡಿ ಒತ್ತಿದಳು. ರೋಲರು ನಿಂತಿತು.

"ಮೌನ ಮುರೀತಾ ಇದ್ದೀನಿ," ಎಂದಳು. ಭಾವ ಬೆಚ್ಚಿ ಕಣ್ಣು ಬಿಟ್ಟು ತುಟಿಯ ಮೇಲೆ ಬೆರಳಿಟ್ಟರು. "ಆ ಬೆರಳು ತೆಗೀರಿ ಮೊದ್ಲು! ಗಿಳೀ, ಬಾರೇ ಇಲ್ಲಿ. ಅವತ್ತು ಯಾರಿಗೆ ಹೆದರಿ ಬಾಯಿ ಮುಚ್ಕೊಂಡೆ? ಇವರೆದುರೇ ಹೇಳು, ನಾನಿದ್ದೀನಿ."

ಗಿಳಿ ಮಾಲೀಕರನ್ನು ನೋಡಿದಳು, ಅಕ್ಕನನ್ನು ನೋಡಿದಳು.

"ನಿಮಗೇ ಅಕ್ಕ."

"ನನಗಾ?"

"ಮಾಲೀಕರು ಕಣ್ಣು ಮುಚ್ಕೊಂಡಿದ್ರು, ಅವರಿಗೇನು ಕಾಣ್ತಿತ್ತು? ಬಾಯಿ ತೆಗೆದೆ. ನೀವು ಆ ಮೂಲೆಯಿಂದ ಕಣ್ಣು ದೊಡ್ಡದು ಮಾಡಿ ಹಿಂಗೆ ಬೆರಳಿಟ್ರಿ." ಗಿಳಿ ತನ್ನ ತುಟಿಯ ಮೇಲೆ ಬೆರಳಿಟ್ಟು ತೋರಿಸಿದಳು, ಆಮೇಲೆ ಬಿಕ್ಕಿ ಬಿಕ್ಕಿ ಅತ್ತಳು.

ಅಕ್ಕನಿಗೆ ನೆನಪಾಯಿತು. ಹೌದು, ಇಟ್ಟಿದ್ದಳು. ಗಿಳಿ ಕೈ ಬೀಸಿದಾಗ, ಶುರುವಾಯ್ತಪ್ಪ ಇವಳದು ಎಂದುಕೊಂಡು ಬೆರಳಿಟ್ಟಿದ್ದಳು. ಮೊನ್ನೆಯಿಂದ ಭಾವನ ಮೇಲೆ ಕಾರುತ್ತಿದ್ದ ಬೆಂಕಿಯೆಲ್ಲ ತಿರುಗಿ ಅವಳನ್ನೇ ಸುಟ್ಟಿತು. ಥೂ ನನ್ನ ಜನ್ಮಕ್ಕೆ, ಅಂದುಕೊಂಡಳು.

ಎಲ್ಲರೆದುರು ನಿಂತು ಕೈಮುಗಿದಳು. "ತಪ್ಪು ನನ್ನದು. ಯಾವ ಪ್ರಾರಬ್ಧವೂ ಅಲ್ಲ, ನಾನು ಮಾಡಿದ್ದು. ಗಿಳಿ ಹೊರಗೆ ಹೋಗೋದಾದ್ರೆ ಅವಳಿಗಿಂತ ಮೊದ್ಲು ನಾನು ಹೋಗಬೇಕು." ಆಮೇಲೆ ತಿರುಗಿದಳು. "ನಿಮ್ಮ ಪಾಲಿನದು ನೀವು ಹೇಳಿ ಭಾವ."

ಭಾವ ಮೆಲ್ಲಗೆ ಕಣ್ಣು ಮುಚ್ಚಿಕೊಂಡರು.

"ಕಣ್ಣು ಬಿಡ್ರೀ!"

ಕೂಗಿದವಳು ಗಿಳಿ. ಮೊನ್ನೆ ಗಂಟಲಲ್ಲೇ ಸಿಕ್ಕಿಕೊಂಡಿದ್ದ ಕೂಗು ಗೋಡೆ ಗೋಡೆಗೂ ಬಡಿಯಿತು. ಭಾವ ಗಡಬಡಿಸಿ ಎದ್ದರು. ಸಾಲಾಗಿ ನಿಂತ ಹೆಂಗಸರಲ್ಲಿ ಒಬ್ಬಳೂ ಕಣ್ಣು ಕೆಳಗಿಳಿಸಲಿಲ್ಲ.

"ಗಿಳಿ... ನೀನು ನಿನ್ನ ಜಾಗಕ್ಕೆ ಹೋಗಮ್ಮ," ಎಂದರು ಭಾವ ಕೊನೆಗೆ. ಅವರ ಕೈಗಳು ಅರ್ಧ ಮೇಲೆದ್ದು ಜೋಡಿಸಲೋ ಬೇಡವೋ ಎಂದು ನಿಂತವು.

"ಇಲ್ಲಿ ಬೇಡ," ಎಂದಳು ಅಕ್ಕ. "ಆಸ್ಪತ್ರೆಗೆ ನಡೀರಿ, ನಾನೂ ಬರ್ತೀನಿ. ಅಲ್ಲಿ ಕೈ ಮುಗಿಯೋಣ. ನಮಗೆ ತಿರುಗಿ ಕೈ ಮುಗಿಯೋಕೆ ಉದ್ದಜಡೆಗೆ ಇನ್ನು ಆಗೋದಿಲ್ಲ."